ಎಡಗೈಯವನ ಮಚ್ಚು

ಮಳವಳ್ಳಿಯಲ್ಲಿ ನನ್ನ ಕುಲುಮೆ ಇತ್ತು. ಮೂರನೆಯ ಕ್ಲಾಸಿಗೇ ಸ್ಕೂಲು ಬಿಟ್ಟು ತಿದಿ ಒತ್ತಲು ಕೂತವನು ನಾನು. ನನ್ನ ಕೈಯ ಮಚ್ಚನ್ನು ಮದ್ದೂರಿನವರೂ ಬಂದು ಕೊಳ್ಳುತ್ತಿದ್ದರು. ಈ ಮಾತನ್ನು ಇವತ್ತಿಗೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಆ ಹೆಮ್ಮೆ ಒಬ್ಬನಿಗೆ ಏನು ಮಾಡಿತು ಎಂಬುದನ್ನೂ ಹೇಳಬೇಕು.

ಯುದ್ಧದ ಕಾಲ. ಉಡಲು ಬಟ್ಟೆ ಸಿಗುತ್ತಿರಲಿಲ್ಲ. ಮದ್ದೂರು ರಸ್ತೆಯಲ್ಲಿ ದರೋಡೆಕೋರರು ಗಾಡಿಯೊಂದನ್ನು ತಡೆದು, ಗಾಡಿಯವನ ತೋಳು ಕಡಿದು, ಬಟ್ಟೆಯ ಗಂಟುಗಳನ್ನು ಹೊತ್ತುಕೊಂಡು ಹೋದರು. ಪಕ್ಕದ ಜಾಲಿ ಮೆಳೆಯಲ್ಲಿ ಮಚ್ಚೊಂದು ಸಿಕ್ಕಿತು. ಪೊಲೀಸ್ ದಫೇದಾರರು ಅದನ್ನು ನನ್ನ ಮುಂದೆ ಹಿಡಿದರು.

"ಯಾರ್ ಕೆಲ್ಸನಯ್ಯ ಇದು? ನಿಂದಂತೂ ಇರಕ್ಕಿಲ್ಲ ಬುಡು."

ಆ ಕೊನೆಯ ಮಾತು ಚುಚ್ಚಿತು. "ನಂದೇ ಸ್ವಾಮಿ," ಎಂದೆ.

ಎಡಗೈಯಲ್ಲಿ ಕಡಿಯುವವರ ಮಚ್ಚಿಗೆ ನಾನು ಇನ್ನೊಂದು ಮಗ್ಗುಲಿಗೆ ಸಾಣೆ ಹಿಡಿಯುತ್ತಿದ್ದೆ. ಈ ಮಚ್ಚಿನ ಅಲಗೂ ಹಾಗೇ ಇತ್ತು. ಸುತ್ತಮುತ್ತಲಿನ ಬೇರೆ ಕಮ್ಮಾರರಿಗೆ ಅಷ್ಟು ತಾಳ್ಮೆ ಇರಲಿಲ್ಲ. ನನ್ನಲ್ಲಿ ಅಂಥದ್ದು ಮಾಡಿಸಿಕೊಂಡವನು ಒಬ್ಬನೇ, ಪಕ್ಕದ ಹಳ್ಳಿಯ ಕಬ್ಬು ಕಡಿಯುವ ಆಳು. ಅವನ ಹೆಸರನ್ನೂ ಹೇಳಿಬಿಟ್ಟೆ. ಅಂದೇ ಅವನನ್ನು ಹಿಡಿದುಕೊಂಡು ಹೋದರು.

ಮಾರನೆಯ ದಿನ ಅವನ ಹೆಂಡತಿ ಕುಲುಮೆಯ ಬಾಗಿಲಿಗೆ ಬಂದು ನಿಂತಳು.

"ಅಣ್ಣ, ಗದ್ದೆ ಬದೀಲಿ ಮಚ್ಚು ಕಳ್ದೋಯ್ತು, ಇನ್ನೊಂದು ಮಾಡ್ಕೊಡು ಅಂತ ನಿನ್ತಾವ್ಕೇ ಬಂದಿದ್ನಲ್ಲ? ದರೋಡೆ ಆಗಕ್ಕೆ ಮೂರ್ ದಿನ ಮುಂಚೆ?"

ಬಂದಿದ್ದು ನಿಜ. ಹೊಸ ಮಚ್ಚಿನ ಕಬ್ಬಿಣ ಇನ್ನೂ ಮೂಲೆಯಲ್ಲೇ ಇತ್ತು.

"ಅದೊಂದ್ಮಾತು ಕೋರ್ಟ್ನಲ್ಲಿ ಯೋಳ್ಬುಡು. ಇನ್ನೇನೂ ಬ್ಯಾಡ."

"ಯೋಳ್ತೀನಿ ಕಣಮ್ಮ," ಎಂದೆ. ಸಾಕ್ಷಿಗೆ ಕರೆ ಬಂದ ದಿನ, ಹೇಳಬೇಕೆಂದೇ ಮಂಡ್ಯದ ಕೋರ್ಟಿಗೆ ರೈಲು ಹತ್ತಲು ಮದ್ದೂರಿಗೆ ನಡೆದೆ.

ಅವನ ಕಡೆಯ ವಕೀಲರು ಕೇಸಿನ ಕಾಗದ ನೋಡಿದ್ದೇ ಅಂದು ಬೆಳಿಗ್ಗೆ. ಮಚ್ಚಿನ ಗುರುತು ಸುಳ್ಳೆಂದಾದರೆ ಅವನು ಉಳಿಯುತ್ತಾನೆಂದೇ ಅವರು ನನ್ನನ್ನು ಹೀಯಾಳಿಸಿದರು. "ಎಷ್ಟು ಓದಿದ್ದೀಯಪ್ಪ? ಮೂರನೇ ಕ್ಲಾಸೋ? ಸಂತೆಯಲ್ಲಿ ನೂರು ಮಚ್ಚು ರಾಶಿ ಹಾಕಿರ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ನಿನಗೆ ಗೊತ್ತು?"

ಕೋರ್ಟಿನಲ್ಲಿ ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಚ್ಚನ್ನು ಕೈಗೆ ಇಸಿದುಕೊಂಡೆ. ಲಾರಿ ಸ್ಪ್ರಿಂಗಿನ ಹಳೇ ಪಟ್ಟಿಯನ್ನು ಎಷ್ಟು ಕಾಯಿಸಬೇಕು, ಯಾವ ಬಣ್ಣ ಬಂದಾಗ ನೀರಿಗೆ ಅದ್ದಬೇಕು, ಎಡಗೈಯವನಿಗೆ ಅಲಗು ಯಾಕೆ ಆಚೆ ಮಗ್ಗುಲಿಗೆ ತಿರುಗಬೇಕು, ಎಲ್ಲವನ್ನೂ ಹೇಳಿದೆ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಅಷ್ಟು ಓದಿದವರು ನನ್ನ ಕೆಲಸದ ಮಾತನ್ನು ಹಾಗೆ ಕೇಳಿದ್ದು ಅದೊಂದೇ ಸಲ. ವಕೀಲರು ಕಾಗದ ಮಡಚಿ ಕೂತುಬಿಟ್ಟರು.

ಕಟಕಟೆಯಿಂದ ಇಳಿಯುವಾಗ ಆ ಕಬ್ಬಿನ ಆಳಿನ ಮುಖ ಕಂಡಿತು. ಮಚ್ಚು ಕಳೆದುಹೋಗಿದ್ದ ಮಾತು ಆಗ ನೆನಪಾಯಿತು.

"ಸ್ವಾಮಿ, ಇನ್ನೊಂದ್ಮಾತು..."

"ನಡಿಯಯ್ಯ, ಆಯ್ತು ನಿಂದು," ಎಂದು ಜವಾನ ತೋಳು ಹಿಡಿದ. ನಾನು ನಡೆದೆ. ಕಿರುಚಬಹುದಿತ್ತು. ನಕ್ಕವರ ಮುಂದೆ ತಲೆಯೆತ್ತಿ ನಿಂತಿದ್ದವನು ಜವಾನನ ಕೈಯಲ್ಲಿ ಎಳೆಸಿಕೊಳ್ಳಲು ನಾಚಿದೆ.

ಅವನಿಗೆ ಮೂರು ವರ್ಷ ಕಠಿಣ ಸಜೆ ಆಯಿತು. ಅವನು ಒಳಗಿದ್ದಾಗಲೇ ಬೇರೊಂದು ದರೋಡೆಯಲ್ಲಿ ಸಿಕ್ಕಿಬಿದ್ದವನೊಬ್ಬ, ಆ ಮಚ್ಚನ್ನು ಗದ್ದೆ ಬದಿಯಿಂದ ಎತ್ತಿಕೊಂಡಿದ್ದೆ ಎಂದು ಬಾಯಿಬಿಟ್ಟನಂತೆ. ಆ ಸುದ್ದಿ ಜೈಲಿನ ಬಾಗಿಲು ತೆರೆಸಲಿಲ್ಲ. ಮೂರೂ ವರ್ಷ ಕಲ್ಲು ಒಡೆದೇ ಅವನು ಬಂದ.

ಅವನ ಮನೆಗೆ ಹೋದೆ. ಕಾಲು ಹಿಡಿಯಬೇಕೆಂದು ಹೋದವನು ಜಗಲಿಯ ಮೇಲೆ ಕೂತುಬಿಟ್ಟೆ. ಅವನೇ ಒಂದು ಚೊಂಬು ನೀರು ತಂದು ಕೊಟ್ಟ.

"ನೀನು ಸುಳ್ಳು ಯೋಳ್ನಿಲ್ಲ ಕಣಣ್ಣ," ಎಂದ. "ಮಚ್ಚಿನ್ ಇಚಾರ ಅಷ್ಟೊತ್ತು ಮಾತಾಡ್ದೆ. ನನ್ ಇಚಾರ ಒಂದ್ಮಾತು ಆಡ್ನಿಲ್ಲ, ಅಷ್ಟೇಯ."

ಅವನ ಹೆಂಡತಿ ಒಳಗಿನಿಂದ ಬಂದು ಚೊಂಬಿಗೆ ಕೈ ಚಾಚಿದಳು. "ಕುಡ್ದಾಯ್ತಲ್ಲ, ಓಗು," ಎಂದಳು.