ಬೆಟ್ಟ ಹತ್ತುವ ಮೊದಲು ವಿಲ್ಮಾ ತೂಗುತ್ತಾರೆ

ಬೆಳಗಿನ ಐದೂವರೆ. ವಯೋಮಿಂಗ್‌ನ ಲವೆಲ್ ಊರಿನ ಟ್ರೇಲರ್ ಕ್ಯಾಂಪಿನಲ್ಲಿ ಇನ್ನೂ ಹೆಚ್ಚಿನ ಬಾಗಿಲು ತೆರೆದಿಲ್ಲ. ಅರವತ್ತಾರರ ವಿಲ್ಮಾ ಹಾರ್ಟ್ಸುಕ್ ಜಲ್ಲಿಯ ಮೇಲೆ ಮೊಣಕಾಲೂರಿ, ಪಿಕಪ್ ಟ್ರಕ್ಕೊಂದರ ಚಕ್ರಗಳ ಮುಂದೆ ತೂಕದ ಹಲಗೆ ಜೋಡಿಸುತ್ತಿದ್ದಾರೆ. "ಬನ್ನಿ, ಬನ್ನಿ, ಇನ್ನೊಂಚೂರು... ಹಾಂ, ನಿಲ್ಸಿ!"

ಟ್ರಕ್ಕಿನಲ್ಲಿರುವುದು ಅಯೋವಾದಿಂದ ಬಂದ ಡ್ವೈಟ್ ಟೊಲೆಫ್ಸನ್, ಪಕ್ಕದಲ್ಲಿ ಹೆಂಡತಿ ಗ್ಲೆಂಡಾ, ಹಿಂದಿನ ಸೀಟಿನಲ್ಲಿ ದಪ್ಪನೆಯ ನಾಯಿ. ನಿವೃತ್ತಿಯ ನಂತರ ಕೊಂಡ ಫಿಫ್ತ್ ವೀಲ್ ಟ್ರೇಲರ್ ಅವರದು. ಅಡುಗೆಮನೆ, ಮಂಚ ಎಲ್ಲ ಒಳಗೇ. ಅದರ ಮೂತಿ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ. ಇಂದು ಬಿಗ್‌ಹಾರ್ನ್ ಬೆಟ್ಟ ದಾಟಬೇಕು.

ಟ್ರೇಲರ್ ಸಮೇತ ಒಮ್ಮೆ, ಕಳಚಿ ಒಮ್ಮೆ ತೂಗಿ ವಿಲ್ಮಾ ಚೀಟಿ ಹರಿದು ಕೊಡುತ್ತಾರೆ. "ಮೂತಿಯ ಭಾರವೇ ಎರಡು ಸಾವಿರದ ಆರುನೂರು ಪೌಂಡ್. ನಿಮ್ಮ ಟ್ರಕ್ ಹೊರೋದು ಸಾವಿರದ ಆರುನೂರ ನಲವತ್ತು. ಅದರಲ್ಲಿ ನೀವೂ ಸೇರಿದ್ದೀರಿ, ನಾಯೀನೂ ಸೇರಿದೆ."

"ಮೇಡಮ್, ಹದಿಮೂರು ಸಾವಿರ ಎಳೆಯುತ್ತೆ ಅಂತ ಮಾರಿದವನೇ ಹೇಳಿದಾನೆ," ಎಂದು ಡ್ವೈಟ್ ಸಿಡುಕುತ್ತಾರೆ.

"ಎಳೆಯೋದು ಬೇರೆ, ಹೊರೋದು ಬೇರೆ. ಮಾರಿದವನು ನಿಮ್ಮ ಜೊತೆ ಇಳಿಜಾರಲ್ಲಿ ಬರ್ತಾನಾ?"

ವಿಲ್ಮಾ ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡುವುದಕ್ಕೆ ಕಾರಣವಿದೆ. ಹದಿನೇಳು ವರ್ಷದ ಹಿಂದೆ ಇದೇ ಬೆಟ್ಟ ಇಳಿಯುವಾಗ ಅವರ ಟ್ರಕ್ಕಿನ ಬ್ರೇಕು ಸುಟ್ಟುಹೋಯಿತು. ಗಂಡ ಲೈಲ್ ಬಂಡೆಗೆ ಒರಗಿಸಿ ಗಾಡಿ ನಿಲ್ಲಿಸಿದರು. ಜೀವ ಉಳಿಯಿತು, ಲೈಲ್‌ರ ಬಲಗಾಲು ಹೋಯಿತು. "ಗಾಡಿ ಎಷ್ಟು ಹೊರುತ್ತೆ ಅಂತ ಬಾಗಿಲ ಚೌಕಟ್ಟಿಗೆ ಅಂಟಿಸಿರ್ತಾರಲ್ಲ, ಹಳದಿ ಚೀಟಿ, ಅದನ್ನ ನಾನು ಟ್ರಕ್ ಕೊಳ್ಳೋವಾಗ ಅಂಗಡೀಲೇ ಓದಿದ್ದೆ. ಭಾರ ಜಾಸ್ತಿ ಅಂತ ಗೊತ್ತಿತ್ತು. ಅವರಿಗೆ ಆ ಟ್ರಕ್ ಅಂದ್ರೆ ಪ್ರಾಣ, ಬೇಜಾರಾಗ್ತಾರೆ ಅಂತ ಬಾಯಿ ಮುಚ್ಕೊಂಡೆ," ಎನ್ನುತ್ತಾರೆ ವಿಲ್ಮಾ.

ಶಾಲಾ ಬಸ್ಸಿನ ಚಾಲಕಿಯಾಗಿದ್ದವರು ಮರುವರ್ಷವೇ ಹಳೆಯ ತೂಕದ ಹಲಗೆಗಳನ್ನು ಕೊಂಡರು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ನಾಲ್ಕೈದು ಗಾಡಿ. ಒಂದೊಂದು ಹಲಗೆ ನಲವತ್ತು ಪೌಂಡ್. ಎತ್ತಿ ಎತ್ತಿ ಸೊಂಟ ಕೈಕೊಟ್ಟಿದೆ. ತೂಗಿಸಿಕೊಂಡ ಹತ್ತರಲ್ಲಿ ಆರು ಗಾಡಿ ಮಿತಿ ಮೀರಿರುತ್ತವೆ. ಬೈದು ಹೋದವರಿದ್ದಾರೆ, ಚೀಟಿ ಹರಿದು ಮುಖಕ್ಕೆಸೆದವರಿದ್ದಾರೆ. ಕ್ಯಾಂಪಿನ ಕಚೇರಿಯಲ್ಲಿ ಕಾಫಿ ಕಾಯಿಸುವ ಲೈಲ್ ನಗುತ್ತಾರೆ: "ಪಾದ್ರಿ ಬಂದ್ರೂ ಬೈಬಲ್ ಸಮೇತ ತೂಗ್ತಾಳೆ ಇವಳು."

ಡ್ವೈಟ್ ಚೀಟಿ ಹರಿಯುವುದಿಲ್ಲ. ಜೇಬಿಗೆ ತುರುಕಿ ಟ್ರೇಲರನ್ನು ಮತ್ತೆ ಜೋಡಿಸಲು ಹೊರಡುತ್ತಾರೆ. ತಡೆಯುವ ಅಧಿಕಾರ ವಿಲ್ಮಾಗೆ ಇಲ್ಲ. ಅವರು ಗ್ಲೆಂಡಾರ ಕಿಟಕಿಯ ಬಳಿ ಹೋಗಿ, "ಬಾಗಿಲು ತೆಗೆದು ಆ ಹಳದಿ ಚೀಟಿ ನೀವೇ ಓದಿಬಿಡಿ ತಾಯಿ. ಆಮೇಲೆ ನಿಮ್ಮಿಷ್ಟ," ಎನ್ನುತ್ತಾರೆ.

ಗ್ಲೆಂಡಾ ಇಳಿದು, ಟ್ರಕ್ ಸುತ್ತಿ ಚಾಲಕನ ಬಾಗಿಲ ಬಳಿ ಹೋಗಿ ಓದುತ್ತಾರೆ. ಇನ್ನೊಮ್ಮೆ ಓದುತ್ತಾರೆ. ನಂತರ ನಾಯಿಯನ್ನೂ ಇಳಿಸುತ್ತಾರೆ.

"ಏನೇ ಇದು, ಗಾಡಿ ಹತ್ತು!"

"ನಾನು ಬರಲ್ಲ ಡ್ವೈಟ್. ನೀನು ಹೋಗೋದಾದ್ರೆ ಹೋಗು, ನಾಯಿ ನನ್ನ ಜೊತೆ ಇರುತ್ತೆ."

ಡ್ವೈಟ್ ಹತ್ತು ನಿಮಿಷ ಸ್ಟೀರಿಂಗ್ ಹಿಡಿದು ಒಬ್ಬರೇ ಕೂರುತ್ತಾರೆ. ಕೊನೆಗೆ ಎಂಜಿನ್ ಆರಿಸಿ, ಇಳಿದು ಬಂದು, "ಹಾಗಾದ್ರೆ ಯಾವ ಟ್ರಕ್ ತಗೋಬೇಕು, ಹೇಳಿ," ಎನ್ನುತ್ತಾರೆ. ದನಿಯಲ್ಲಿ ಸಿಟ್ಟು ಇನ್ನೂ ಇದೆ. ವಿಲ್ಮಾ ಗಮನಿಸದವರಂತೆ ಪೆನ್ಸಿಲ್ ತೆಗೆಯುತ್ತಾರೆ: ಹಿಂದೆ ಜೋಡಿ ಚಕ್ರ, ಹೊರುವ ಮಿತಿ ನಾಲ್ಕು ಸಾವಿರಕ್ಕೆ ಕಡಿಮೆ ಬೇಡ, ಬಣ್ಣ ಕೊನೆಗೆ ನೋಡಿ.

ಮೂರು ವಾರದ ಮೇಲೆ ಡ್ವೈಟ್ ಕೊಂಡ ಅಂಥದೇ ಟ್ರಕ್ಕು ಬಂದು ಹಲಗೆ ಹತ್ತುತ್ತದೆ. ಮಿತಿ ಮುಟ್ಟಲು ಇನ್ನೂ ಒಂಬೈನೂರು ಪೌಂಡ್ ಬಾಕಿ. ಸಂಜೆ ಬೆಟ್ಟದಾಚೆಯಿಂದ ಗ್ಲೆಂಡಾರ ಫೋನು: "ತಲುಪಿದ್ವಿ."

ವಿಲ್ಮಾಗೆ ಒಂದು ಆಸೆಯಿದೆ. ಅಪಘಾತದ ನಂತರ ಅವರೂ ಲೈಲ್ ಕೂಡ ಆ ಬೆಟ್ಟ ಹತ್ತಿಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ವಾರ ಮೇಲೆ ತಂಗಿ, ಲೈಲ್ ಕೈಯಲ್ಲಿ ಹೊಳೆಯ ಮೀನು ಹಿಡಿಸಬೇಕು.

"ಈ ಸಲ ಟ್ರಕ್ ಆರಿಸೋಳು ನಾನು," ಎನ್ನುತ್ತಾರೆ ಹಲಗೆ ಎತ್ತುತ್ತಾ. "ಬಣ್ಣ ಬೇಕಾದ್ರೆ ಅವರು ಆರಿಸ್ಲಿ."