ಫೋನಿಗೆ ಕಟ್ಟಿದ್ದ ಪೆನ್ಸಿಲ್

ಟ್ರಂಕಿನ ತಳದಲ್ಲಿ ಬೆರಳುದ್ದದ ಪೆನ್ಸಿಲ್ ಚೂರೊಂದು ಸಿಕ್ಕಿತು. ಸುತ್ತಿದ್ದ ಕರಿ ದಾರ ಇನ್ನೂ ಬಿಗಿಯಾಗಿತ್ತು. ಮೂಸಿದರೆ ನಶ್ಯದ ವಾಸನೆ ಬಂತೋ, ನನ್ನ ಭ್ರಮೆಯೋ... ಅದು ಮಿಲಿಟ್ರಿ ಅಜ್ಜನದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗುಡೇಕೋಟೆಗೆ ಟೀಚರಾಗಿ ಬಂದಾಗ ಅವರು ಪಕ್ಕದ ಮನೆಯವರು. ಬಾಂಗ್ಲಾ ಯುದ್ಧದಲ್ಲಿ ವೈರ್‌ಲೆಸ್ ಸೆಟ್ ಬೆನ್ನಿಗೆ ಹೊತ್ತು ಸುದ್ದಿ ಮುಟ್ಟಿಸಿದ್ದವರು. ಊರಿಗೆ ಮರಳಿ ಸಜ್ಜೆ, ಶೇಂಗಾ ಬೆಳೆದುಕೊಂಡಿದ್ದರು. ಓಣಿಗೆಲ್ಲ ಇದ್ದದ್ದು ಅವರ ಮನೆಯ ಫೋನೊಂದೇ. ನಮ್ಮೆಲ್ಲರ ನೆಂಟರ ಬಳಿಯೂ ಇದ್ದದ್ದು ಅದೇ ನಂಬರು.

ಆದರೆ ಅಜ್ಜನ ಕಾಟ ಒಂದೆರಡಲ್ಲ. ಬಂದ ಸುದ್ದಿಯನ್ನು ಫೋನಿಗೆ ಕಟ್ಟಿದ್ದ ಈ ಪೆನ್ಸಿಲಿನಿಂದ ಬರೆದುಕೊಂಡು, ಹೇಳಿದವರಿಗೇ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಫೋನಿಡುತ್ತಿದ್ದರು. ಆಮೇಲೆ ನಮ್ಮ ಬಾಯಲ್ಲೂ ಹೇಳಿಸುತ್ತಿದ್ದರು.

"ನಾಳಿ ಶ್ಯಾವಿಗಿ ಕಳಿಸ್ತಾರಂತ. ಎಲ್ಲಿ, ತಿರುಗಿ ಹೇಳವ್ವ."

ಶ್ಯಾವಿಗೆಗೂ ಇಷ್ಟು ಕವಾಯತು ಬೇಕೇ ಎಂದು ಒಳಗೊಳಗೇ ನಗುತ್ತಿದ್ದೆ. ಒಮ್ಮೊಮ್ಮೆ ಸಿಡುಕುತ್ತಲೂ ಇದ್ದೆ.

ಒಂದು ಮಧ್ಯಾಹ್ನ ಚೀಟಿ ಹಿಡಿದು ಶಾಲೆಗೇ ಬಂದರು. ಹಡಗಲಿ ಹತ್ತಿರದ ನಮ್ಮೂರು ಮಾಗಳದಲ್ಲಿದ್ದ ನನ್ನ ಅವ್ವ ಕುಸಿದು ಬಿದ್ದಿದ್ದಳು. ತಮ್ಮ ಫೋನ್ ಮಾಡಿ, "ಅವ್ವಗ ಭಾಳ ಆಗೈತ್ರಿ, ಅಕ್ಕನ್ನ ಕಳಿಸ್ರಿ" ಎಂದು ಅಳುತ್ತಾ ಫೋನಿಡಲು ಹೊರಟಿದ್ದನಂತೆ. ಅಜ್ಜ ಬಿಟ್ಟಿರಲಿಲ್ಲ. ಅವ್ವ ಈಗ ಎಲ್ಲಿದ್ದಾಳೆಂದು ಕೇಳಿ, ಬರೆದು, ಓದಿ ಹೇಳಿ ಹೂಂ ಅನ್ನಿಸಿಕೊಂಡಿದ್ದರು. ಅವಳು ಊರಲ್ಲಿರಲಿಲ್ಲ, ಹಡಗಲಿಯಲ್ಲೂ ಇರಲಿಲ್ಲ. ಹರಪನಹಳ್ಳಿಯ ಆಸ್ಪತ್ರೆಗೆ ಒಯ್ದಿದ್ದರು.

"ಕೂಡ್ಲಿಗ್ಯಾಗ ಹಡಗಲಿ ಬಸ್ ಹತ್ತಬ್ಯಾಡ. ಕೊಟ್ಟೂರು ಮ್ಯಾಲೆ ಹರಪನಹಳ್ಳಿಗೆ ಹೋಗು. ತಿರುಗಿ ಹೇಳವ್ವ."

ಅಳುತ್ತಲೇ ತಿರುಗಿ ಹೇಳಿದೆ.

ಹೊತ್ತು ಮುಳುಗುವ ಮೊದಲೇ ಮುಟ್ಟಿದೆ. ಅವ್ವ ಗುರುತು ಹಿಡಿದಳು. "ಉಂಡಿಯೇನ?" ಎಂದು ಕೇಳಿದಳು. ಕೈ ಹಿಡಿದುಕೊಂಡೇ ಇದ್ದಳು... ದೀಪ ಹಚ್ಚುವ ಹೊತ್ತಿಗೆ ಹೋದಳು. ಮಾಗಳದ ದಾರಿ ಹಿಡಿದಿದ್ದರೆ ಆ ಒಂದು ಗಂಟೆ ನನಗೆ ಸಿಗುತ್ತಿರಲಿಲ್ಲ.

ದಿನಕರ್ಮ ಮುಗಿಸಿ ಬಂದವಳು, ಉಪಕಾರವಾಯಿತು ಎನ್ನಲು ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ನೆಲ ನೋಡುತ್ತಾ ಹೇಳಿದರು: "ಯುದ್ಧದಾಗ ಒಮ್ಮಿ ಗಡಿಬಿಡ್ಯಾಗ ತಿರುಗಿ ಕೇಳ್ಲಿಲ್ಲವ್ವ. ನಮ್ಮ ಮಂದಿ ಹೋಗಬಾರದ ಕಡಿಗೆ ಹೋದ್ರು... ಇಬ್ರು ವಾಪಸ್ ಬರ್ಲಿಲ್ಲ."

ಹೇಳಬೇಕೆಂದಿದ್ದ ಮಾತು ಹೇಳದೆಯೇ ಎದ್ದು ಬಂದೆ. ಆಮೇಲೆ ನಾನೆಂದೂ ಅವರ ಮೇಲೆ ಸಿಡುಕಲಿಲ್ಲ.

ನನಗೆ ಕೊಟ್ಟೂರಿಗೆ ವರ್ಗವಾಗುವ ಹೊತ್ತಿಗೆ ಓಣಿಯ ಮನೆಮನೆಗೂ ಫೋನು ಬಂದಿತ್ತು. "ಇನ್ನ ಇದಕ್ಕ ಕೆಲಸ ಇಲ್ಲವ್ವ" ಎಂದು ನಗುತ್ತಾ ಪೆನ್ಸಿಲ್ ಬಿಚ್ಚಿ ನನ್ನ ಕೈಗಿಟ್ಟರು.

ಕೆಲವು ವರ್ಷಗಳ ನಂತರ ಅವರ ಸೊಸೆ ಫೋನ್ ಮಾಡಿದಳು. "ಅಕ್ಕಾರ, ಮಾವಾರು ಮುಂಜಾನಿ ಹೋದ್ರು. ಮೂರು ಗಂಟಿಗೆ ಮಣ್ಣು."

ಬೇಕೆಂದು ಮಾಡಿದ್ದಲ್ಲ, ರೂಢಿ. ನಾನು ತಿರುಗಿ ಹೇಳಿದೆ. ಅವಳು ಹೂಂ ಎಂದಳು.

ಪೆನ್ಸಿಲನ್ನು ಮತ್ತೆ ಟ್ರಂಕಿಗೆ ಹಾಕಲು ಮನಸ್ಸಾಗಲಿಲ್ಲ; ಮೊಬೈಲಿನ ಪಕ್ಕದಲ್ಲಿಟ್ಟೆ. ಅಂದು ಹೇಳದೆ ಬಂದ ಮಾತನ್ನು ಇವತ್ತು ಗಟ್ಟಿಯಾಗಿಯೇ ಹೇಳಿದೆ: "ಅಜ್ಜಾ, ಭಾಳ ಉಪಕಾರ ಆತು."

ತಿರುಗಿ ಹೇಳುವವರು ಯಾರೂ ಇರಲಿಲ್ಲ.