ನನ್ನ ಪಾಲಿನ ಸಮುದ್ರ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ದೋಣಿಗೆ ನೀಲಿ ಬಣ್ಣವಿತ್ತು ಎಂದು ಶುರು ಮಾಡುವವಳಿದ್ದೆ. ಬರೆಯುವ ಮೊದಲೇ ಅನುಮಾನ ಬಂತು. ನೀಲಿಯಿದ್ದದ್ದು ಸಮುದ್ರ, ದೋಣಿ ಬಿಳಿಯದಿರಬೇಕು. ದಿನಚರಿ ಬರೆಯುವವರಿಗೆ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದದ್ದು ಬರೆದ ಹಾಗೆ ನೆನಪಿರುತ್ತದೆ, ನಡೆದದ್ದು ಎಲ್ಲಿಗೆ ಹೋಯಿತೋ ಗೊತ್ತಾಗುವುದಿಲ್ಲ.

ಹೋದದ್ದಂತೂ ಖರೆ, ಪಾಸ್‌ಪೋರ್ಟಿನಲ್ಲಿ ಮುದ್ರೆಯಿದೆ. ಕೀನ್ಯಾದ ಕರಾವಳಿಯ ಒಂದು ಹಳ್ಳಿಯಲ್ಲಿ, ಡಾಲ್ಫಿನ್‌ಗಳನ್ನೂ ಅವು ಬದುಕುವ ನೀರನ್ನೂ ಕಾಯುವ ಯೋಜನೆಯೊಂದರಲ್ಲಿ ಕೆಲವು ವಾರ ಸ್ವಯಂಸೇವಕಿಯಾಗಿದ್ದೆ. ಬೀದರಿನವಳಿಗೆ ಸಮುದ್ರದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನಮ್ಮೂರಿನಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಸಿಗುವುದು ತೊಗರಿ ಹೊಲ, ಆಮೇಲೆ ಕಬ್ಬು, ಆಮೇಲೆ ಮತ್ತೆ ತೊಗರಿ.

ನನ್ನನ್ನು ಬೆಳೆಸಿದ ಮೌಶಿ, ಅಂದರೆ ಅವ್ವನ ತಂಗಿ, ಔರಾದಿನಲ್ಲಿದ್ದಾಳೆ. ಹೊರಡುವ ಮುಂಚೆ ಅವಳಿಗೆ ಹೇಳಲು ಹೋದೆ. ಊಟ, ವಸತಿಗೆ ನಾವೇ ಹಣ ಕಟ್ಟಬೇಕೆಂದು ಕೇಳಿದ್ದೇ ತಡ, ಕಟ್ಟೆಯ ಮೇಲಿಂದಲೇ ಪಕ್ಕದ ಮನೆಯಾಕೆಗೆ ಸಾರಿದಳು:

"ಕೇಳ್ರಿ ಬಾಯಾರ, ನಮ್ ಪೋರಿ ಸಮುದ್ರದಾಗ ಮೀನಾ ಕಾಯ್ಲಕ್ಕ ಹೊಂಟಾಳ. ಪಗಾರ ಇಲ್ಲಂತ. ಮ್ಯಾಲ ಇಕೀನೇ ರೊಕ್ಕ ಕೊಡಬೇಕಂತ!"

"ಓದಿದ್ದು ಜಾಸ್ತಿ ಆದ್ರ ಹಿಂಗೇ ಆಗ್ತದ ನೋಡ್ರಿ," ಎಂದರು ಅವರು.

ಡಾಲ್ಫಿನ್ ಮೀನಲ್ಲ, ನಮ್ಮಂತೆ ಗಾಳಿ ಉಸಿರಾಡುತ್ತದೆ, ಮರಿಗೆ ಹಾಲೂಡುತ್ತದೆ ಎಂದು ನನ್ನ ವಿದ್ಯೆಯನ್ನು ಬಿಚ್ಚಿದೆ.

"ಹಾಲು ಕೊಡ್ತದಂದ್ರ ಎಮ್ಮಿ ಅನ್ನು," ಎಂದಳು ಮೌಶಿ. "ಎಮ್ಮಿ ಕಾಯ್ಲಕ್ಕ ಔರಾದ ಸಾಕಿತ್ತಲ್ಲ."

ಅವಳಿಗೆ ಹೇಳದ ಒಂದು ಸಮರ್ಥನೆ ನನ್ನ ಹತ್ತಿರವಿತ್ತು. ಬೀದರಿನಲ್ಲಿ ಹಬ್ಶಿ ಕೋಟ್ ಎಂಬ ದಿಬ್ಬವಿದೆ. ಆಫ್ರಿಕದ ಕಡೆಯಿಂದ ಸಮುದ್ರ ದಾಟಿ ಬಂದು ಇಲ್ಲಿಯ ದರ್ಬಾರಿನಲ್ಲಿ ಸರದಾರರಾದವರು ಅಲ್ಲಿದ್ದರಂತೆ; ಅವರ ಗೋರಿಗಳು ಈಗಲೂ ಇವೆ. ಅವರು ಇಲ್ಲಿಗೆ ಬರಬಹುದಾದರೆ ನಾನು ಅತ್ತ ಹೋಗುವುದರಲ್ಲಿ ಏನು ವಿಚಿತ್ರ? ಹೋಗಿ ನೋಡಿದರೆ ಅಲ್ಲಿಯ ಭಾಷೆಯಲ್ಲೂ ಪುಸ್ತಕಕ್ಕೆ ಕಿತಾಬು, ಜಗತ್ತಿಗೆ ದುನಿಯಾ. ಓಣಿಯ ಮುಸ್ಲಿಂ ಖಾಲಾಗಳಿಂದ ದಖನಿ ಉರ್ದು ಕಲಿತವಳಿಗೆ ಅರ್ಧ ಮನೆಗೆ ಬಂದ ಹಾಗಾಯಿತು. ನಮ್ಮ ದೋಣಿಯ ಮುಖ್ಯಸ್ಥೆಯ ಹೆಸರು ಆಶಾ. ಅದೂ ಅಲ್ಲಿಯದೇ ಹೆಸರಂತೆ.

ಕೆಲಸ ಸರಳ, ಕಟ್ಟುನಿಟ್ಟು ಮಾತ್ರ ಬಹಳ. ದೋಣಿಯ ಸುತ್ತಲಿನ ಸಮುದ್ರವನ್ನು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ನಾಲ್ಕು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಒಪ್ಪಿಸುತ್ತಿದ್ದಳು ಆಶಾ. ನಮ್ಮ ಪಾಲನ್ನಷ್ಟೇ ನೋಡಬೇಕು. ಬೆನ್ನ ಹಿಂದೆ ಯಾರು ಕೂಗಿದರೂ ತಿರುಗಬಾರದು. ಎಲ್ಲರೂ ಕೂಗು ಬಂದ ಕಡೆಗೆ ತಿರುಗಿಬಿಟ್ಟರೆ, ಈ ಕಡೆ ಬಂದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲವಲ್ಲ. ನನಗೆ ಹಿಂಭಾಗದ ಎಡಗಡೆ ಬಂದಿತ್ತು. ಬಲಗಡೆಯೋ? ಎಡವೇ ಇರಬೇಕು, ಕತ್ತು ನೋಯುತ್ತಿದ್ದದ್ದು ಆ ಕಡೆ. ನನ್ನ ಪಾಲಿನ ಸಮುದ್ರ ಬಹುತೇಕ ಖಾಲಿ. ದೂರದಲ್ಲೊಂದು ಬೆನ್ನಿನ ರೆಕ್ಕೆ ಕಂಡರೆ ಅದೇ ಹಬ್ಬ.

ಒಂದು ಬೆಳಗ್ಗೆ ನನ್ನ ಹಿಂದೆ ಕೂಗೆದ್ದಿತು. ತಾಯಿ ಡಾಲ್ಫಿನ್, ಪಕ್ಕದಲ್ಲೇ ಮರಿ! ಎರಡೂ ಒಟ್ಟಿಗೆ ಮೇಲೆದ್ದು ಉಸಿರು ಬಿಟ್ಟವಂತೆ. ನಾನು ಹಲ್ಲು ಕಚ್ಚಿ ನನ್ನ ಖಾಲಿ ನೀರನ್ನೇ ನೋಡುತ್ತಾ ಕುಳಿತೆ. ಸಂಜೆ ಆಶಾ ಪ್ರತಿಯೊಬ್ಬರಿಗೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ನೀನೇ ಕಂಡದ್ದೋ, ಬೇರೆಯವರಿಂದ ಕೇಳಿದ್ದೋ?" ಕೇಳಿದ್ದು ಎಂದೆ. ಎಂದೆ ಅಂತ ನೆನಪು.

ವಾಪಸು ಬಂದ ಮೇಲೆ ಔರಾದಿಗೆ ಹೋದೆ. ಮೌಶಿ ಕಟ್ಟೆಯ ಮೇಲೆ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು.

"ಏನೇನ್ ನೋಡಿದಿ ಹೇಳು. ರೊಕ್ಕಾ ಕೊಟ್ಟೀದಿ."

ತಾಯಿ ಮರಿಯ ಕತೆ ಶುರು ಮಾಡಿದೆ. ತಾಯಿಯ ಮೈಯ ಹೊಳಪು, ಮರಿಯ ಪುಟ್ಟ ಬೆನ್ನು, ಎರಡೂ ಉಸಿರು ಬಿಟ್ಟ ಸದ್ದು, ಒಂದನ್ನೂ ಬಿಡಲಿಲ್ಲ. ಸುಲಿಯುತ್ತಿದ್ದ ಕೈ ನಿಂತಿತು.

"ಮರಿ ತಾಯಿ ಬಲ್ಲೇ ಇತ್ತಾ?"

"ಬಲ್ಲೇ ಇತ್ತು ಮೌಶಿ. ಅಂಟ್ಕೊಂಡೇ ಇತ್ತು."

"ನೀ ನೋಡಿದಿ?"

ಹೌದೆನ್ನಲು ಬಾಯಿ ತೆರೆದೆ. ಚಿತ್ರ ಕಣ್ಣ ಮುಂದೆಯೇ ಇತ್ತು. ಆದರೆ ಅದರ ಅಂಚಿನಲ್ಲಿ ನಮ್ಮ ದೋಣಿಯೂ ಇತ್ತು. ಅದರಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಒಬ್ಬಳು ಬೆನ್ನು ಮಾಡಿ ಕುಳಿತಿದ್ದಳು. ಅವಳು ನಾನು. ತನ್ನ ಬೆನ್ನು ತನಗೆ ಕಾಣುವುದುಂಟೆ? ಯಾರೋ ತೆಗೆದ ಫೋಟೊ, ಯಾರದೋ ಕೂಗು, ನನ್ನ ಆಸೆ ಎಲ್ಲ ಕೂಡಿ ನೆನಪಾಗಿ ಕುಳಿತುಬಿಟ್ಟಿದ್ದವು.

"ಇಲ್ಲ ಮೌಶಿ. ಅವ್ರು ಹೇಳಿದ್ರು."

"ಅಷ್ಟು ದೂರ ಹೋಗಿ ಕೇಳ್ಕೊಂಡ್ ಬಂದಿ? ಫೋನ್ ಮಾಡಿದ್ರ ಸಾಕಿತ್ತಲ್ಲ!"

ಇಬ್ಬರೂ ನಕ್ಕೆವು. ನಗುತ್ತಿರುವಾಗಲೇ ನನಗೆ ಇನ್ನೊಂದು ಬೆನ್ನು ನೆನಪಾಯಿತು.

ಅವ್ವ ತೀರಿಕೊಂಡಾಗ ನನಗೆ ಮೂರು ತುಂಬಿರಲಿಲ್ಲ. ಅವಳದೆಂದು ನನ್ನಲ್ಲಿರುವುದು ಒಂದೇ ನೆನಪು. ಭಾಲ್ಕಿಯ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹಸಿರು ಸೀರೆಯ ಅವ್ವ ಪೇರಲಕ್ಕೆ ಉಪ್ಪು ಹಚ್ಚಿ ತಿನ್ನುತ್ತಿದ್ದಾಳೆ. ಯಾವುದಕ್ಕೋ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಾಳೆ. ಆ ದಿನದ ಫೋಟೊ ಇಲ್ಲ. ದೋಣಿಯಲ್ಲಿ ತುಟಿಗೆ ಉಪ್ಪುನೀರು ಸಿಡಿದಾಗಲೆಲ್ಲ ಅದು ಎದ್ದು ಬರುತ್ತಿತ್ತು. ಆಶಾ ಕೇಳಿದ್ದರೆ, ಇದು ನಾನೇ ಕಂಡದ್ದು ಎಂದು ಆಣೆ ಮಾಡಿ ಹೇಳುತ್ತಿದ್ದೆ. ಈಗ ಕಟ್ಟೆಯ ಮೇಲೆ ಕುಳಿತು ಮತ್ತೆ ನೋಡಿದರೆ, ಅವ್ವನ ತೊಡೆಯ ಮೇಲೆ ಒಂದು ಮಗು. ಅದರ ಬೆನ್ನು ಕಾಣುತ್ತಿದೆ, ಸಣ್ಣ ಜುಟ್ಟು, ಜುಟ್ಟಿಗೆ ಕೆಂಪು ರಿಬ್ಬನ್ನು.

ಆ ದಿನ ಮೌಶಿ ಜೊತೆಗಿರಲಿಲ್ಲವೆಂದಾದರೆ, ಇದನ್ನು ನನಗೆ ಹೇಳುವವರು ಬೇರೆ ಯಾರೂ ಇಲ್ಲ; ಅವ್ವ ನಕ್ಕದ್ದನ್ನು ಕಂಡವಳು ನಾನೇ. ಜುಟ್ಟು, ರಿಬ್ಬನ್ನು ಆಮೇಲೆ ನಾನು ಸೇರಿಸಿಕೊಂಡದ್ದು. ಜೊತೆಗಿದ್ದಳೆಂದಾದರೆ, ಕಂಡವಳು ಅವಳು. ತನ್ನ ಅಕ್ಕನ ನಗೆಯೊಂದನ್ನು ನನಗೆ ಹೇಳಿ ಹೇಳಿ, ಅದು ನನ್ನದೇ ಆಗುವಂತೆ ಬಿಟ್ಟುಕೊಟ್ಟಿದ್ದಾಳೆ. ಎರಡರಲ್ಲಿ ಯಾವುದನ್ನು ಬಯಸಬೇಕೆಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆದರೂ ಕೇಳಿದೆ.

ಮೌಶಿ ನನ್ನ ಮಡಿಲಿಗೆ ಒಂದು ಬೊಗಸೆ ತೊಗರಿಕಾಯಿ ಸುರಿದಳು. "ಖಾಲಿ ಕೈಲೆ ಕೂಡಬ್ಯಾಡ. ಸುಲಿ."

ಸುಲಿದೆ. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಆ ಮರಿ ಈಗ ದೊಡ್ಡದಾಗಿರಬೇಕಲ್ಲ ಎಂದು ಅವಳು ವಿಚಾರಿಸುತ್ತಾಳೆ, ಆಗಿರಬೇಕು ಎನ್ನುತ್ತೇನೆ. ನನ್ನ ಪ್ರಶ್ನೆ ಮಾತ್ರ ಔರಾದಿನ ಕಟ್ಟೆಯ ಮೇಲೆ ಇನ್ನೂ ಹಾಗೇ ಕುಳಿತಿದೆ:

"ಮೌಶಿ, ಅವತ್ತ ಭಾಲ್ಕಿ ಠೇಸನದಾಗ ನೀನೂ ಇದ್ದಿ ಏನ?"